ಹಿತ್ತಲಿನ ಟೊಮೆಟೊಗೆ ಅಂಗಮಾರಿ



ಗುಬ್ಬಿ, ಕುಣಿಗಲ್ ಕಡೆಯ ಹಿತ್ತಲುಗಳಲ್ಲಿ, ತುಮಕೂರು ನಗರದ ತಾರಸಿಯ ಕುಂಡಗಳಲ್ಲಿ ಮನೆಬಳಕೆಗೆಂದು ಬೆಳೆಸುವ ನಾಲ್ಕಾರು ಟೊಮೆಟೊ ಗಿಡಗಳು ಕಾಯಿ ತುಂಬಿರುವಾಗಲೇ ಸುಟ್ಟಂತೆ ಒಣಗುವುದುಂಟು. ಇದಕ್ಕೆ ಹೆಚ್ಚಾಗಿ ಅಂಗಮಾರಿ ರೋಗವೇ ಕಾರಣ. ಇದರಲ್ಲಿ ಎರಡು ಬಗೆ. ಔಷಧಿ ತರುವ ಮುನ್ನ ಯಾವುದೆಂದು ಗುರುತಿಸಬೇಕು.

ಮುಂಚಿನ ಅಂಗಮಾರಿ ಮೊದಲು ಬುಡದ ಹಳೆಯ ಎಲೆಗಳಲ್ಲಿ ಕಾಣುತ್ತದೆ. ಕಂದು ಚುಕ್ಕೆಯಲ್ಲಿ ಒಂದರೊಳಗೊಂದು ಬಳೆ ಇಟ್ಟಂತೆ ಉಂಗುರಗಳಿರುತ್ತವೆ. ಇದು ನಿಧಾನವಾಗಿ ಮೇಲೇರುತ್ತದೆ. ತಡವಾದ ಅಂಗಮಾರಿ ಹಾಗಲ್ಲ. ಮೋಡ, ಜಡಿಮಳೆ, ಇಬ್ಬನಿ ಕೂಡಿದ ತಂಪು ದಿನಗಳಲ್ಲಿ ಎಲೆಯ ಮೇಲೆ ನೀರಿನಲ್ಲಿ ನೆನೆದಂತಹ ಮಚ್ಚೆಗಳೆದ್ದು ಕಪ್ಪಾಗುತ್ತವೆ; ಬೆಳಗಿನ ಹೊತ್ತು ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಕಾಣುತ್ತದೆ. ಕಾಂಡ, ಕಾಯಿಗಳೂ ಕಂದಾಗಿ ವಾರದೊಳಗೆ ಗಿಡವೇ ಹೋದೀತು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ ಕ್ಷಾಮ ತಂದದ್ದು ಇದೇ ರೋಗಾಣು. ಹಾಸನದ ಆಲೂಗೆಡ್ಡೆ ಬೆಳೆಗಾರರಿಗೂ ಇದು ಹಳೆಯ ಶತ್ರು.

ಯಾವ ಔಷಧಿಯೂ ಸುಟ್ಟ ಎಲೆಯನ್ನು ಮತ್ತೆ ಹಸಿರು ಮಾಡದು. ರೋಗ ಮುಟ್ಟದ ಎಲೆಯನ್ನು ಕಾಯುವುದೇ ಅದರ ಮುಖ್ಯ ಕೆಲಸ. ಆದುದರಿಂದ ಎಲೆಗಳು ಒಣಗಿರುವಂತೆ ನೋಡಿಕೊಳ್ಳುವುದು ಮೊದಲ ಚಿಕಿತ್ಸೆ. ತೆಂಗಿನ ದಟ್ಟ ನೆರಳು ಬೇಡ. ಗಿಡಗಳ ನಡುವೆ ಎರಡಡಿ ಅಂತರವಿಟ್ಟು, ಕೋಲು ನೆಟ್ಟು ಕಟ್ಟಬೇಕು. ಮಣ್ಣು ಸಿಡಿಯದಂತೆ ಬುಡಕ್ಕೆ ಒಣಹುಲ್ಲು ಹರಡಬೇಕು. ಬೆಳಿಗ್ಗೆ, ಬುಡಕ್ಕೆ ಮಾತ್ರ ನೀರು. ಪಾತ್ರೆ ತೊಳೆದ ನೀರನ್ನು ಗಿಡದ ತಲೆಯ ಮೇಲೆ ಎರಚುವ ರೂಢಿ ಬಿಡಬೇಕು. ಚುಕ್ಕೆ ಬಿದ್ದ ಎಲೆಗಳನ್ನು ಚಿವುಟಿ ಆಳವಾಗಿ ಹೂಳಬೇಕು, ತಿಪ್ಪೆಗೆ ಎಸೆಯಬಾರದು. ಟೊಮೆಟೊ, ಬದನೆ, ಆಲೂಗೆಡ್ಡೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೇಡ.

ಮೋಡ ಕವಿಯುತ್ತಲೇ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಬಹುದು. ಅಡಿಕೆ ತೋಟದವರಿಗೆ ಇದು ಗೊತ್ತಿದ್ದದ್ದೇ. ನಾಲ್ಕು ಗಿಡಗಳಿಗೆ ಎರಡು ಲೀಟರ್ ಸಾಕು: 20 ಗ್ರಾಂ ಮೈಲುತುತ್ತ ಒಂದು ಲೀಟರ್ ನೀರಿನಲ್ಲಿ, 20 ಗ್ರಾಂ ಸುಟ್ಟ ಸುಣ್ಣ ಇನ್ನೊಂದು ಲೀಟರಿನಲ್ಲಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಚಾಕು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ಅದೇ ದಿನ ಬಳಸಿ ಮುಗಿಸಬೇಕು. ತಡವಾದ ಅಂಗಮಾರಿ ಕಾಣಿಸಿಕೊಂಡರೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ ಪುಡಿ, ಲೀಟರಿಗೆ 2 ಗ್ರಾಂ. ಹಿತ್ತಲಲ್ಲಿ ಮಕ್ಕಳು ಹಣ್ಣು ಕಿತ್ತಲ್ಲೇ ತಿನ್ನುವುದರಿಂದ, ಪೊಟ್ಟಣದ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ಕೊಯ್ಯಬಾರದು. ಆಮೇಲೂ ತೊಳೆದೇ ತಿನ್ನಬೇಕು.

ಕಾಂಡಕ್ಕೇ ರೋಗ ಇಳಿದ ಗಿಡವನ್ನು ಉಳಿದ ಕಾಯಿಯ ಆಸೆಗೆ ಬಿಡದೆ ಕಿತ್ತು ಹೂಳಬೇಕು. ಅದರ ಬೀಜಕಣಗಳು ಗಾಳಿಯಲ್ಲಿ ತೇಲಿ ನೆರೆಯವರ ಎಕರೆಗಟ್ಟಲೆ ಟೊಮೆಟೊಗೂ ತಗುಲುತ್ತವೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಮುಂಚಿನ ಅಂಗಮಾರಿಯನ್ನು ತಡೆಯುತ್ತದೆ. ತಡವಾದ ಅಂಗಮಾರಿಗೆ ಅದನ್ನು ನಂಬಿ ಕೂರುವಂತಿಲ್ಲ. ಅದು ಸಂಕರಣ ತಳಿಯಾದ್ದರಿಂದ ಮನೆಯ ಹಣ್ಣಿನ ಬೀಜ ಎತ್ತಿಡದೆ ಪ್ರತಿ ಬಾರಿ ಹೊಸ ಬೀಜ ತರಬೇಕು. ರೋಗದ ಗುರುತು ಹತ್ತದಿದ್ದರೆ ಎಲೆಯೊಂದನ್ನು ಹಾಳೆಯಲ್ಲಿ ಸುತ್ತಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬಹುದು.