ಎರಡನೆಯ ಸಹಿ



ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಮಾತಿಗೆ ಕರೆದರೆ ತೆರಿಗೆ ಉಳಿಸುವ ದಾರಿ ಹೇಳುತ್ತಾನೆ ಎಂದು ನೀವು ಕಾದಿರಬಹುದು. ಇವತ್ತು ನನ್ನ ಎರಡು ಹುಚ್ಚುಗಳ ಲೆಕ್ಕ ಒಪ್ಪಿಸುತ್ತೇನೆ. ಒಂದು ಮೋಟಾರ್ ಸೈಕಲ್. ಇನ್ನೊಂದು, ಅಕ್ಸ್‌ಬ್ರಿಡ್ಜ್‌ಗೆ ಹತ್ತಿರದ ಡೆನ್ಹ್ಯಾಮ್‌ನಿಂದ ನಾನು ಹಾರಿಸುವ ಸಣ್ಣ ವಿಮಾನ.

ಎರಡು ವರ್ಷದ ಹಿಂದೆ, ಜನವರಿ 31. ಸೆಲ್ಫ್ ಅಸೆಸ್‌ಮೆಂಟ್ ರಿಟರ್ನ್‌ಗೆ ಕೊನೆಯ ದಿನ. ಹದಿನಾಲ್ಕು ಗಂಟೆ ದುಡಿದು, ರಾತ್ರಿ ಮಳೆಯಲ್ಲಿ ಎ40 ಹಿಡಿದು ಮನೆಗೆ ಹೊರಟೆ. ಸ್ವೇಕ್ಲೀಸ್ ರೌಂಡಬೌಟಿನಲ್ಲಿ ಬೈಕ್ ಜಾರಿತು, ಕಾಲರ್ ಬೋನ್ ಮುರಿಯಿತು. ಹೆಲ್ಮೆಟ್ ಸರಿಯಿತ್ತು, ಟೈರ್ ಹೊಸದು, ವೇಗವೂ ಮಿತಿಯಲ್ಲಿತ್ತು. ಸರಿಯಿಲ್ಲದವನು ಸವಾರ. ನಿದ್ದೆಗೆಟ್ಟವನಿಗೆ ‘ಹೊರಡಬಹುದು’ ಎಂದು ಒಪ್ಪಿಗೆ ಕೊಟ್ಟವನೂ ಅದೇ ನಿದ್ದೆಗೆಟ್ಟವನು! ಚೆಕ್ ಬರೆಯುವವನೇ ಅದನ್ನು ಮಂಜೂರು ಮಾಡುವ ಕಂಪನಿಯನ್ನು ನಾನು ಆಡಿಟ್‌ನಲ್ಲಿ ಸುಮ್ಮನೆ ಬಿಡುತ್ತಿರಲಿಲ್ಲ.

ನಮ್ಮ ಅಪಾಯ ನಮ್ಮೊಬ್ಬರದೇ ಅಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಹಾರಿದ ಸೆಸ್ನಾ 180 ಕೆಲವೇ ಕ್ಷಣಗಳಲ್ಲಿ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರು ತೀರಿಕೊಂಡರು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಸಂಚಾರಿ ವಿಜಯ್ ಹೋದರು. ಸೌಂದರ್ಯ ವಿಮಾನ ಓಡಿಸುತ್ತಿರಲಿಲ್ಲ, ವಿಜಯ್ ಹಿಂದಿನ ಸೀಟಿನಲ್ಲಿದ್ದರು. ನನ್ನ ಮಗಳು ಕೂರುವುದೂ ಅಂಥ ಸೀಟಿನಲ್ಲೇ.

ಮೂಳೆ ಕೂಡುವಷ್ಟರಲ್ಲಿ ಒಂದು ಚೀಟಿ ಬರೆದೆ. ಹಾರುವ ಮುನ್ನ ಪೈಲಟ್‌ಗಳು ತಮ್ಮನ್ನೇ ಆರು ವಿಷಯ ಕೇಳಿಕೊಳ್ಳುತ್ತಾರೆ: ಕಾಯಿಲೆ, ಔಷಧಿ, ಒತ್ತಡ, ಮದ್ಯ, ಆಯಾಸ, ಊಟ. ಬೈಕಿಗೂ ಅದೇ ಇರಲಿ ಎಂದುಕೊಂಡೆ. ಆರು ಗಂಟೆ ನಿದ್ದೆ ಆಗದಿದ್ದರೆ ಮೆಟ್ರೊಪಾಲಿಟನ್ ಲೈನ್ ರೈಲು. ಮೋಡ ಎರಡು ಸಾವಿರ ಅಡಿಗಿಂತ ಕೆಳಗಿದ್ದರೆ ಹಾರಾಟವಿಲ್ಲ. ಇವು ಕಾನೂನಿನ ಮಿತಿಗಳಲ್ಲ, ನನ್ನವು. ಅವಸರವಿಲ್ಲದ ಹೊತ್ತಿನಲ್ಲಿ ಬರೆದವು. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ನನ್ನ ಹೆಂಡತಿಯ ಸಹಿ. ಚೀಟಿ ಬದಲಾಯಿಸಬೇಕಾದರೆ ಇಬ್ಬರೂ ಒಪ್ಪಬೇಕು, ಅದೂ ಹೊರಡುವ ದಿನ ಅಲ್ಲ.

ಇನ್ನೆರಡು ಮಾತು, ವೃತ್ತಿಯವನಾಗಿ. ರದ್ದಾಗುವ ಪ್ರಯಾಣಕ್ಕೂ ಬಜೆಟ್ಟಿನಲ್ಲಿ ಹಣ ಎತ್ತಿಡಿ. ಬೇರೆ ಊರಲ್ಲಿ ವಿಮಾನ ಬಿಟ್ಟು ರೈಲಿನಲ್ಲಿ ಬರುವ ಖರ್ಚು ಮೊದಲೇ ಲೆಕ್ಕದಲ್ಲಿದ್ದರೆ ‘ಹೇಗಾದರೂ ಮನೆ ಸೇರಿಬಿಡೋಣ’ ಅನ್ನಿಸುವುದಿಲ್ಲ. ಎರಡನೆಯದು, ಜೀವ ವಿಮೆಯ ಅರ್ಜಿಯಲ್ಲಿ ಇಂಥ ಹವ್ಯಾಸಗಳ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. ಪ್ರೀಮಿಯಂ ಹೆಚ್ಚಾಗಬಹುದು, ಖಾಸಗಿ ಹಾರಾಟವನ್ನೇ ಪಾಲಿಸಿಯಿಂದ ಹೊರಗಿಡಲೂಬಹುದು. ಆದರೆ ಈ ದೇಶದ 2012ರ ವಿಮಾ ಕಾನೂನಿನಂತೆ, ಬೇಕೆಂದೇ ಸುಳ್ಳು ಹೇಳಿದ್ದರೆ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು. ಆಗ ಬರಿಗೈಯಾಗುವುದು ಮನೆಯವರು.

ಕಳೆದ ತಿಂಗಳು ಮಗಳ ಹುಟ್ಟುಹಬ್ಬ. ವಿಮಾನದಲ್ಲಿ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದೆ. ಡೆನ್ಹ್ಯಾಮ್ ತಲುಪಿದಾಗ ಮೋಡ ಸಾವಿರದೈನೂರಕ್ಕೆ ಇಳಿದಿತ್ತು. ಇಷ್ಟರಲ್ಲಿ ತಿಳಿಯಾಗಬಹುದು ಎಂದೆ. ಹೆಂಡತಿ ಕೇಳಿದ್ದು ಒಂದೇ: “ಚೀಟೀಲಿ ಎಷ್ಟು ಬರ್ದಿದೀರಿ?”

ವಾಪಸ್ ಬಂದು ಮನೆಯಲ್ಲಿ ದೋಸೆ ತಿಂದೆವು. ಮಗಳು ಸಂಜೆಯವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದಳು. ಆ ಮುನಿಸನ್ನು ನಾನು ಖರ್ಚಿನ ಕಾಲಂನಲ್ಲಿ ಸಂತೋಷದಿಂದಲೇ ಬರೆದುಕೊಂಡೆ.

ನಿಮ್ಮ ಹವ್ಯಾಸ ಯಾವುದೇ ಇರಲಿ, ಇವತ್ತು ಮನೆಗೆ ಹೋಗಿ ನಿಮ್ಮ ಚೀಟಿ ಬರೆಯಿರಿ. ಎರಡನೆಯ ಸಹಿ ಯಾರದೆಂದು ನಿಮಗೇ ಗೊತ್ತು.