ತಂತಿ ಮೀಟಿದವನ ಹೆಸರೆಲ್ಲಿ?

(ಶಿವಪುರದ ಸಭೆಯಲ್ಲಿ ಮಾಡಿದ ಭಾಷಣ)



1938ರ ಏಪ್ರಿಲಿನಲ್ಲಿ ಇದೇ ಶಿವಪುರದಲ್ಲಿ ಸರ್ಕಾರದ ನಿಷೇಧ ಮೀರಿ ಧ್ವಜ ಏರಿತು. ಮುಖಂಡರ ಹೆಸರು ನಮಗೆಲ್ಲ ಗೊತ್ತು. ಸುತ್ತ ನಿಂತ ಸಾವಿರಾರು ರೈತರ ಹೆಸರು ಯಾವ ಪುಸ್ತಕದಲ್ಲಿದೆ? ಅಂಥದೇ ಇನ್ನೊಂದು ಹೆಸರಿಲ್ಲದ ದುಡಿಮೆಯ ವಿಚಾರ ಇಂದು ಹೇಳುತ್ತೇವೆ. ಅದು ಸಿನಿಮಾ ಹಾಡಿನ ದುಡಿಮೆ. ಪಕ್ಷದ ಸಭೆಯಲ್ಲಿ ಸಿನಿಮಾ ಮಾತೇಕೆಂದು ಹಿರಿಯರು ಗೊಣಗಬಹುದು. ಪಾಳಿ ಮುಗಿಸಿ ಬಂದು ನಾವು ಕೇಳುವುದು ಆ ಹಾಡನ್ನೇ ಅಲ್ಲವೆ?

ಇಳಯರಾಜರು ಹುಟ್ಟಿದ್ದು 1943ರಲ್ಲಿ, ತಮಿಳುನಾಡಿನ ಪಣ್ಣೈಪುರಂ ಹಳ್ಳಿಯಲ್ಲಿ. 14ನೆಯ ವಯಸ್ಸಿಗೇ ಅಣ್ಣ ಪಾವಲರ್ ವರದರಾಜನ್ನರ ಮೇಳ ಸೇರಿದರು. ಆ ಮೇಳ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತಿತ್ತು. (ಆ ಪಕ್ಷದೊಡನೆ ನಮ್ಮ ಜಗಳ ಬೇರೆ, ಅವರ ಹಾಡಿನೊಡನೆ ಜಗಳವಿಲ್ಲ.) ಮುಂದೆ ಮದರಾಸಿಗೆ ಬಂದು ಧನರಾಜ್ ಮಾಸ್ತರರಲ್ಲಿ ಪಾಶ್ಚಾತ್ಯ ಸಂಗೀತ ಕಲಿತರು. ಹೊಟ್ಟೆಪಾಡಿಗೆ ಗಿಟಾರು. ಸಲಿಲ್ ಚೌಧರಿಯವರ ವಾದ್ಯವೃಂದದಲ್ಲಿ ನುಡಿಸಿದರು; ನಮ್ಮ ಕನ್ನಡದ ಜಿ. ಕೆ. ವೆಂಕಟೇಶರಿಗೆ ಸಹಾಯಕರಾದರು. ಗುರು ಕೊಟ್ಟ ಧಾಟಿಯನ್ನು ಸ್ವರಲಿಪಿಗಿಳಿಸಿ, ಪಿಟೀಲಿಗಿಷ್ಟು, ಕೊಳಲಿಗಿಷ್ಟು ಎಂದು ಹಂಚುವ ಕೆಲಸ ಅವರದು.

ವೆಂಕಟೇಶರು ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972) ಚಿತ್ರಗಳಿಗೆ ಸಂಗೀತ ಕೊಟ್ಟ ಕಾಲ ಅದು. ಹಾಡುವವರೂ ನುಡಿಸುವವರೂ ಒಟ್ಟಿಗೆ ಕೂತು ಮುದ್ರಿಸಬೇಕು. ಒಬ್ಬನ ಬೆರಳು ತಪ್ಪಿದರೆ ಎಲ್ಲರೂ ಮೊದಲಿನಿಂದ. ಆಲೆಮನೆಯಲ್ಲಿ ಹದ ತಪ್ಪಿದರೆ ಇಡೀ ಕೊಪ್ಪರಿಗೆಯೇ ಕೆಟ್ಟಂತೆ. ಕಾಲ್‌ಶೀಟು ಮುಗಿಯಿತು, ಕೂಲಿ ಕೈಗೆ ಬಂತು, ಮನೆಗೆ ನಡೆ. ತಟ್ಟೆಯ ಮೇಲೆ ಗಾಯಕರ ಹೆಸರಿತ್ತು, ಸಂಗೀತಗಾರರ ಹೆಸರಿತ್ತು. ಗಿಟಾರು ಮೀಟಿದ ಕೈ ಯಾರದು? ತಟ್ಟೆ ಹೇಳುವುದಿಲ್ಲ. ಹಾಡು 50 ವರ್ಷ ಓಡಿದರೂ ಆ ಕೈಗೆ ಎರಡನೆಯ ಕಾಸು ಬರಲಿಲ್ಲ.

1976ರ ‘ಅನ್ನಕ್ಕಿಳಿ’ಯಿಂದ ಇಳಯರಾಜರೇ ಸಂಗೀತ ನಿರ್ದೇಶಕರಾದರು. ಕನ್ನಡಕ್ಕೆ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಕೊಟ್ಟರು. ಆದರೆ ದುಡ್ಡು ಹಾಕಿ ಹಾಡು ಮಾಡಿಸಿದ ನಿರ್ಮಾಪಕನೇ ಅದರ ಒಡೆಯನೆಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. 2012ರಲ್ಲಿ ಕಾನೂನು ತಿದ್ದಿದ ಮೇಲೆ, ಚಿತ್ರಮಂದಿರದ ಆಟ ಬಿಟ್ಟು ಬೇರೆಡೆ ಹಾಡು ಬಳಸಿದರೆ ಸಾಹಿತಿಗೂ ಸಂಗೀತಗಾರನಿಗೂ ಪಾಲು ಬರಬೇಕೆಂದಾಯಿತು. ಇಳಯರಾಜರು ತಮ್ಮ ಹಾಡುಗಳ ಹಕ್ಕಿಗಾಗಿ ಕೋರ್ಟು ಹತ್ತಿದರು. ಸರಿಯಾಗಿಯೇ ಹತ್ತಿದರು ಎಂಬುದು ನಮ್ಮ ಅಭಿಪ್ರಾಯ.

ಆದರೆ ಅದೇ ತಿದ್ದುಪಡಿಯ ಒಂದು ಮೂಲೆಯನ್ನು ನೋಡಿ. ಚಿತ್ರದಲ್ಲಿ ಒಬ್ಬನ ಕೆಲಸ ಪ್ರಾಸಂಗಿಕವಾಗಿದ್ದು, ಉದ್ಯಮದ ವಾಡಿಕೆಯಂತೆ ಅವನ ಹೆಸರು ಹಾಕದಿದ್ದರೆ, ಹಣದ ಪಾಲಿನ ಮಟ್ಟಿಗೆ ಅವನು ಕಲಾವಿದನೇ ಅಲ್ಲವಂತೆ! ಹೆಸರು ಹಾಕದವನು ಮಾಲೀಕ, ಪಾಲು ತಪ್ಪುವುದು ದುಡಿದವನಿಗೆ. ಮಸ್ಟರ್ ರೋಲಿನಲ್ಲಿ ಹೆಸರಿಲ್ಲ, ಆದ್ದರಿಂದ ಬೋನಸ್ಸಿಲ್ಲ ಎಂಬ ಮಾತನ್ನು ಗಿರಣಿಯ ಬದಲಿ ಕಾರ್ಮಿಕರು ಕೇಳಿಲ್ಲವೆ? ಎರಡು ನಿಮಿಷದ ಗಿಟಾರು ಪ್ರಾಸಂಗಿಕವೋ ಅಲ್ಲವೋ ಎಂದು ವಾದಿಸಲು ಬಡ ವಾದ್ಯಗಾರ ಯಾವ ವಕೀಲನನ್ನು ಹಿಡಿಯಬೇಕು?

ಆ ಮಾತನ್ನು ಕಾನೂನಿನಿಂದ ತೆಗೆಯಬೇಕು, ನುಡಿಸಿದ ಪ್ರತಿಯೊಬ್ಬರ ಹೆಸರೂ ಚಿತ್ರದಲ್ಲಿ ಬರಬೇಕು ಎಂಬ ಠರಾವನ್ನು ಈಗ ಓದುತ್ತೇವೆ. ಒಪ್ಪುವವರು ಕೈಯೆತ್ತಿ.