ಬೆಟ್ಟದ ತುಂಬ ಕಬ್ಬಿಣ, ರಕ್ತದಲ್ಲೇಕೆ ಕೊರತೆ?

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಅತ್ತಿಗುಂಡಿ ಸಿಗುತ್ತದೆ. ಆ ಬೆಟ್ಟಗಳ ಕೆಂಪು ಮಣ್ಣನ್ನು ನೋಡಿದ್ದೀರಾ ಮಕ್ಕಳೇ? ಆ ಕೆಂಪು ಕಬ್ಬಿಣದ್ದು. ಇದೇ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿತ್ತು. ಕಳಸದ ಆಚೆ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಗಣಿ ನಡೆಯಿತು. ಆದರೂ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇದಕ್ಕೆ ದೊಡ್ಡ ಕಾರಣ ಕಬ್ಬಿಣದ ಕೊರತೆ.

ದೊಡ್ಡವರ ಮೈಯಲ್ಲಿರುವ ಕಬ್ಬಿಣವೆಲ್ಲ ಸೇರಿದರೂ ಮೂರ್ನಾಲ್ಕು ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರ ಬಹುಪಾಲು ಇರುವುದು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿ. ನಾವು ಉಸಿರಾಡಿದ ಆಮ್ಲಜನಕ ಅಂಟಿಕೊಳ್ಳುವುದು ಈ ಕಬ್ಬಿಣಕ್ಕೇ. ಕಬ್ಬಿಣ ಸಾಲದಿದ್ದರೆ ರಕ್ತಕಣಗಳು ಸಣ್ಣಗೆ, ಬಣ್ಣಗೆಟ್ಟು ಹುಟ್ಟುತ್ತವೆ. ಆಗ ಏರು ಹತ್ತುವಾಗ ಎದೆ ಡವಡವ ಎನ್ನುತ್ತದೆ, ಏದುಸಿರು ಬರುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಇಂಥ ಮಗುವನ್ನು ಸೋಮಾರಿ ಎಂದು ಬೈಯುವುದು ದೊಡ್ಡ ಅನ್ಯಾಯ. ಕನ್ನಡಿಯ ಮುಂದೆ ನಿಂತು ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ನೋಡಿ. ಒಳಗೆ ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ ಅಮ್ಮನಿಗೆ ಹೇಳಿ. ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಿಂದಲೇ ಹಿಮೋಗ್ಲೋಬಿನ್ ಎಷ್ಟಿದೆಯೆಂದು ತಿಳಿಯುತ್ತದೆ.

ರಕ್ತಹೀನತೆ ಇರುವ ಕೆಲವರಿಗೆ ಮಣ್ಣು ತಿನ್ನುವ ಆಸೆಯಾಗುತ್ತದೆ. ತಿಂದು ಲಾಭವಿಲ್ಲ. ಕೆಂಪು ಮಣ್ಣಿನ ಕಬ್ಬಿಣ ತುಕ್ಕಿನ ರೂಪದ್ದು, ಕರುಳು ಅದನ್ನು ಹೀರಿಕೊಳ್ಳುವುದೇ ಅಪರೂಪ. ಜೊತೆಗೆ ಹುಳುವಿನ ಮೊಟ್ಟೆಗಳೂ ಹೊಟ್ಟೆ ಸೇರಬಹುದು. ಮಳೆಗಾಲದಲ್ಲಿ ತೋಟಕ್ಕಿಳಿದರೆ ಕಾಲಿಗೆ ಹತ್ತುವ ಇಂಬಳಕ್ಕೆ ನೀವೆಲ್ಲ ಹೆದರುತ್ತೀರಿ. ಅದು ಒಮ್ಮೆ ಒಂದಿಷ್ಟು ರಕ್ತ ಕುಡಿದು ಉದುರಿಹೋಗುತ್ತದೆ. ಹೆದರಬೇಕಾದದ್ದು ಕೊಕ್ಕೆಹುಳುವಿಗೆ. ಬಯಲಲ್ಲಿ ಮಲವಿಸರ್ಜನೆ ಮಾಡುವ ಕಡೆ, ನೆರಳಿನ ಒದ್ದೆ ಮಣ್ಣಿನಲ್ಲಿ ಅದರ ಮರಿಗಳು ಬೆಳೆಯುತ್ತವೆ, ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು ಕರುಳಿಗೆ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತವೆ. ಚಪ್ಪಲಿ ಹಾಕಿ, ಶೌಚಾಲಯ ಬಳಸಿ, ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ.

ಇನ್ನು ನಮ್ಮ ಕಾಫಿ. 1983ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮಾಂಸದ ಊಟದ ಜೊತೆ ಒಂದು ಕಪ್ ಕಾಫಿ ಕುಡಿದವರ ಕರುಳು ಶೇ. 39ರಷ್ಟು ಕಡಿಮೆ ಕಬ್ಬಿಣ ಹೀರಿಕೊಂಡಿತು. ಚಹಾ ಕುಡಿದಾಗ ಶೇ. 64ರಷ್ಟು ಕಡಿಮೆ! ಊಟವಾಗಿ ಒಂದು ಗಂಟೆ ಬಿಟ್ಟು ಕಾಫಿ ಕುಡಿದರೂ ಅಷ್ಟೇ ನಷ್ಟ, ಊಟಕ್ಕೆ ಒಂದು ಗಂಟೆ ಮೊದಲೇ ಕುಡಿದರೆ ನಷ್ಟವಿಲ್ಲ. ಮಕ್ಕಳಿಗಂತೂ ಕಾಫಿ ಬೇಡವೇ ಬೇಡ. ಊಟವಾದ ಕೂಡಲೇ ಲೋಟ ಹಿಡಿಯುವ ಅಮ್ಮ, ಅಜ್ಜಿಗೆ ಈ ಲೆಕ್ಕ ಹೇಳಿ.

ಹುರುಳಿ, ಹರಿವೆ ಸೊಪ್ಪು, ಮೀನು, ಮಾಂಸ ಕಬ್ಬಿಣ ಕೊಡುತ್ತವೆ. ಸೊಪ್ಪು, ಕಾಳಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತಬೇಕಾದರೆ ಜೊತೆಗೆ ನಿಂಬೆಹುಳಿ ಹಿಂಡಿ, ಇಲ್ಲವೇ ನೆಲ್ಲಿಕಾಯಿ ತಿನ್ನಿ. ಕೊರತೆ ಹೆಚ್ಚಿದ್ದರೆ ಊಟವೊಂದೇ ಸಾಲದು, ವೈದ್ಯರು ಮಾತ್ರೆ ಕೊಡುತ್ತಾರೆ. ಮಾತ್ರೆ ನುಂಗುವಾಗ ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಕೆಲವು ತಿಂಗಳು ಮಾತ್ರೆ ಮುಂದುವರಿಸಲು ಅವರು ಹೇಳುವುದುಂಟು. ಯಕೃತ್ತಿನಲ್ಲಿ ಕೂಡಿಟ್ಟಿದ್ದ ಕಬ್ಬಿಣ ರಕ್ತಹೀನತೆ ಬರುವಷ್ಟರಲ್ಲೇ ಖಾಲಿಯಾಗಿರುತ್ತದೆ, ಅದೂ ತುಂಬಬೇಕಲ್ಲ!